ನೆಲದ ಮೇಲೆ ಬರೆದ ಮೂರು ಅಕ್ಷರ

ಅಕ್ಕಂದಿರೇ, ನೀವು ಮೊದಲ ಸಲ ನಿಮ್ಮ ಹೆಸರು ಬರೆದ ದಿನ ನೆನಪಿದೆಯಾ?

ಕೆಲವರು ಸ್ಲೇಟಿನ ಮೇಲೆ ಬರೆದಿರಿ. ಕೆಲವರು ಮರಳಿನ ಮೇಲೆ ಬೆರಳಿಂದ ತಿದ್ದಿದಿರಿ. ಕೈ ನಡುಗುತ್ತಿತ್ತು. ಅಕ್ಷರ ಸೊಟ್ಟಗಿತ್ತು. ಆದರೂ ಅದು ನಿಮ್ಮ ಹೆಸರು. ಅಲ್ಲಿಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅವತ್ತು ಹೆಸರು ಬರೆಯಿತು.

ಈ ಪಾಠದಲ್ಲಿಯೂ ಒಬ್ಬ ಹುಡುಗಿ ನೆಲದ ಮೇಲೆ ಅಕ್ಷರ ನೋಡುತ್ತಾಳೆ. ಅವಳ ಹೆಸರು ಆಲಿಸ್. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳಿಂದಾಗಿ ಒಂದು ಶಾಲೆ ಹುಟ್ಟಿತು. ಆ ಶಾಲೆ ಇವತ್ತಿಗೂ ಇದೆ. ಇದು ನಡೆದದ್ದು ಅಮೆರಿಕ ದೇಶದಲ್ಲಿ, ಇನ್ನೂರು ವರ್ಷಗಳ ಹಿಂದೆ. ದೂರದ ಕಥೆ ಅಂತ ಬಿಡಬೇಡಿ. ಓದಿ ನೋಡಿ.

ಆಲಿಸ್‌ಗೆ ಬಂದ ಜ್ವರ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಹಾರ್ಟ್‌ಫರ್ಡ್ ಎಂಬ ಊರಿದೆ. ಆಲಿಸ್ ಹುಟ್ಟಿದ್ದು 1805ರಲ್ಲಿ. ಅವಳ ತಂದೆ ಡಾಕ್ಟರು. ಹೆಸರು ಮೇಸನ್ ಕಾಗ್ಸ್‌ವೆಲ್. ಊರಿನಲ್ಲಿ ದೊಡ್ಡ ಹೆಸರು ಅವರದು.

ಆಲಿಸ್‌ಗೆ ಎರಡು ವರ್ಷ ಆಗಿತ್ತು. ಆಗಷ್ಟೇ ತೊದಲು ಮಾತು ಬರುವ ವಯಸ್ಸು. ಅವಳಿಗೆ ಜ್ವರ ಬಂತು. ಅಂತಿಂಥ ಜ್ವರ ಅಲ್ಲ. ಮಿದುಳಿಗೆ ಏರುವ ಜ್ವರ. ಮಗು ಉಳಿಯಿತು. ಆದರೆ ಕಿವಿ ಹೋಯಿತು. ಸ್ವಲ್ಪ ದಿನಕ್ಕೆ ಬಂದಿದ್ದ ಮಾತೂ ಹೋಯಿತು. ತಂದೆ ಡಾಕ್ಟರಾದರೂ ಏನೂ ಮಾಡಲು ಆಗಲಿಲ್ಲ.

ಇಲ್ಲಿ ಒಂದು ವಿಷಯ ತಿಳಿಯಬೇಕು. ಕಿವಿ ಹೋದರೆ ಮಾತು ಯಾಕೆ ಹೋಗುತ್ತೆ? ನಾಲಗೆಗೆ ಏನೂ ಆಗಿರುವುದಿಲ್ಲ. ಗಂಟಲಿಗೂ ಏನೂ ಆಗಿರುವುದಿಲ್ಲ. ಮಗು ಮಾತು ಕಲಿಯುವುದು ಕಿವಿಯಿಂದ. ತುಳು ಆಡುವ ಮನೆಯ ಮಗು ತುಳು ಕಲಿಯುತ್ತೆ. ಉರ್ದು ಆಡುವ ಮನೆಯ ಮಗು ಉರ್ದು ಕಲಿಯುತ್ತೆ. ಏನೂ ಕೇಳಿಸದ ಮಗು ಯಾವ ಮಾತು ಕಲಿಯಬೇಕು? ನಮ್ಮ ಹಳ್ಳಿಗಳಲ್ಲಿ ಇಂಥ ಮಗುವನ್ನು ಮೂಗ, ಮೂಗಿ ಅಂತ ಕರೆದುಬಿಡ್ತಾರೆ. ಎಷ್ಟೋ ಕಡೆ ಅದೇ ಹೆಸರಾಗಿಬಿಡುತ್ತೆ. ತಂದೆತಾಯಿ ಇಟ್ಟ ಹೆಸರು ಯಾರಿಗೂ ನೆನಪಿರುವುದಿಲ್ಲ. ಕಿವಿ ಕೇಳಿಸದಿದ್ದರೇನಂತೆ, ಜನ ನಗುವುದು ಆ ಮಗುವಿನ ಕಣ್ಣಿಗೆ ಕಾಣುತ್ತೆ.

ಮಗುವಿಗೆ ಕಿವಿ ಕೇಳುತ್ತೋ ಇಲ್ಲವೋ ತಾಯಿಗೆ ಹೇಗೆ ಗೊತ್ತಾಗಬೇಕು? ಎಳೆಯ ಮಗು ದೊಡ್ಡ ಸದ್ದಿಗೆ ಬೆಚ್ಚಿಬೀಳಬೇಕು. ಆರು ತಿಂಗಳ ಮಗು ಸದ್ದು ಬಂದ ಕಡೆ ಕತ್ತು ತಿರುಗಿಸಬೇಕು. ಒಂದು ವರ್ಷದ ಮಗು ಹೆಸರು ಹಿಡಿದು ಕರೆದರೆ ನೋಡಬೇಕು. ಹೀಗೆ ಆಗದಿದ್ದರೆ ಕಾಯಬೇಡಿ. "ಇವರಪ್ಪನಿಗೂ ಮಾತು ತಡವಾಗಿಯೇ ಬಂತು, ಬಿಡು" ಅಂತ ಅಜ್ಜಿಯರು ಹೇಳ್ತಾರೆ. ಪ್ರೀತಿಯಿಂದಲೇ ಹೇಳ್ತಾರೆ. ಆದರೂ ಕಾಯಬೇಡಿ. ಹುಟ್ಟಿದ ಕೆಲವೇ ದಿನದ ಮಗುವಿನ ಕಿವಿಯನ್ನೂ ಪರೀಕ್ಷೆ ಮಾಡುವ ಯಂತ್ರ ಈಗ ಇದೆ. ಮಗುವಿಗೆ ನೋವಾಗುವುದಿಲ್ಲ. ಕಿವಿಗೆ ಎಣ್ಣೆ ಬಿಡುವುದು, ಸೊಪ್ಪಿನ ರಸ ಹಿಂಡುವುದು ಬೇಡ. ಅದರಿಂದ ಇರುವ ಕಿವಿಯೂ ಕೆಡಬಹುದು.

ಆಲಿಸ್ ಕಾಲದಲ್ಲಿ ಇದೊಂದೂ ಇರಲಿಲ್ಲ.

ಟೋಪಿ

ಪಕ್ಕದ ಮನೆಯಲ್ಲಿ ಥಾಮಸ್ ಗ್ಯಾಲಡೆಟ್ ಎಂಬ ಯುವಕ ಇದ್ದರು. ಚೆನ್ನಾಗಿ ಓದಿದವರು. ಪಾದ್ರಿ ಆಗಬೇಕು ಅಂತಿದ್ದರು. ಅವರ ಆರೋಗ್ಯ ಯಾವಾಗಲೂ ಅಷ್ಟಕ್ಕಷ್ಟೆ. 1814ರಲ್ಲಿ ಅವರು ಮನೆಗೆ ಬಂದಿದ್ದರು. ಅಂಗಳದಲ್ಲಿ ಅವರ ತಮ್ಮಂದಿರು, ತಂಗಿಯರು ಆಡುತ್ತಿದ್ದರು. ಆಲಿಸ್ ಕೂಡ ಅಲ್ಲಿದ್ದಳು. ಆದರೆ ಆಟದಲ್ಲಿ ಸೇರಿರಲಿಲ್ಲ. ಆಗ ಅವಳಿಗೆ ಸುಮಾರು ಒಂಬತ್ತು ವರ್ಷ.

ಥಾಮಸ್ ಹತ್ತಿರ ಹೋದರು. ತಲೆ ಮೇಲಿನ ಟೋಪಿ ತೆಗೆದು ತೋರಿಸಿದರು. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದರು. ಎಚ್, ಎ, ಟಿ. ಹ್ಯಾಟ್. ಅಂದರೆ ಟೋಪಿ. ಟೋಪಿ ತೋರಿಸಿದರು. ಅಕ್ಷರ ತೋರಿಸಿದರು. ಮತ್ತೆ ಟೋಪಿ. ಮತ್ತೆ ಅಕ್ಷರ. ಆಲಿಸ್‌ಗೆ ಹೊಳೆಯಿತು. ಈ ಗೆರೆಗೂ ಆ ವಸ್ತುವಿಗೂ ಸಂಬಂಧ ಇದೆ! ಹೀಗಂತ ಆ ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ.

ಈ ಕಥೆಯಲ್ಲಿ ಎಲ್ಲರೂ ಥಾಮಸ್ ಹೆಸರೇ ಹೇಳ್ತಾರೆ. ಇನ್ನೊಬ್ಬರನ್ನು ಮರೀತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅದೇ ಊರಿನಲ್ಲಿ ಲಿಡಿಯಾ ಹಂಟ್ಲಿ ಎಂಬ ಟೀಚರ್ ಇದ್ದರು. ತೋಟದ ಕೆಲಸಗಾರನ ಮಗಳು. ಅವರು ಹೆಣ್ಣುಮಕ್ಕಳಿಗಾಗಿ ಒಂದು ಚಿಕ್ಕ ಶಾಲೆ ನಡೆಸುತ್ತಿದ್ದರು. ಆಲಿಸ್‌ಳನ್ನೂ ಸೇರಿಸಿಕೊಂಡರು. ಕೈಸನ್ನೆಯಲ್ಲಿ, ಬೆರಳಿನ ಅಕ್ಷರದಲ್ಲಿ ಅವಳಿಗೆ ಪಾಠ ಹೇಳಿದರು. ತರಗತಿಯ ಉಳಿದ ಹುಡುಗಿಯರೂ ಅವಳ ಸನ್ನೆ ಕಲಿತರು. ಅವಳ ಜೊತೆ ಕೈಯಲ್ಲೇ ಮಾತಾಡಿದರು. ಯಾವ ತರಬೇತಿಯೂ ಇಲ್ಲದ ಒಬ್ಬ ಹೆಣ್ಣುಮಗಳು ಮಾಡಿದ ಕೆಲಸ ಇದು. ಲಿಡಿಯಾ ಮುಂದೆ ದೊಡ್ಡ ಕವಯಿತ್ರಿ ಆದರು.

ಕಲಿಸುವ ಗುಟ್ಟು

ಆಲಿಸ್ ತಂದೆಗೆ ಒಂದು ಯೋಚನೆ ಬಂತು. ನನ್ನ ಮಗಳು ಒಬ್ಬಳೇ ಏನು? ಇಂಥ ಮಕ್ಕಳು ಎಷ್ಟು ಇದ್ದಾರೆ? ಪಾದ್ರಿಗಳಿಂದ ಲೆಕ್ಕ ತೆಗೆಸಿದರು. ಅವರ ರಾಜ್ಯ ಒಂದರಲ್ಲೇ ಎಂಬತ್ತಕ್ಕೂ ಹೆಚ್ಚು ಕಿವುಡರು ಸಿಕ್ಕಿದರು. ಇವರಿಗೆಲ್ಲ ಒಂದು ಶಾಲೆ ಬೇಕು. ಆದರೆ ಕಲಿಸುವುದು ಹೇಗೆ ಅಂತ ಅಮೆರಿಕದಲ್ಲಿ ಬಲ್ಲವರೇ ಇರಲಿಲ್ಲ. ಯುರೋಪಿನಲ್ಲಿ ಬಲ್ಲವರಿದ್ದರು.

1815ರಲ್ಲಿ ಊರಿನವರು ಸಭೆ ಸೇರಿ ಹಣ ಕೂಡಿಸಿದರು. ಥಾಮಸ್ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಒಂದು ಮನೆತನದವರು ಕಿವುಡ ಮಕ್ಕಳ ಶಾಲೆ ನಡೆಸುತ್ತಿದ್ದರು. ತುಟಿ ನೋಡಿ ಮಾತು ತಿಳಿಯುವುದು, ಬಾಯಲ್ಲಿ ಮಾತಾಡುವುದು, ಇದನ್ನು ಕಲಿಸುತ್ತಿದ್ದರು. ಆದರೆ ಅದು ಅವರ ಮನೆತನದ ಗುಟ್ಟು. ಬೇರೆಯವರಿಗೆ ಹೇಳುವಂತಿಲ್ಲ. ಕಲಿಯಬೇಕಾದರೆ ವರ್ಷಗಟ್ಟಲೆ ನಮ್ಮಲ್ಲಿ ಸಹಾಯಕನಾಗಿ ದುಡಿ ಅಂದರು. ಸ್ಕಾಟ್ಲೆಂಡಿನಲ್ಲಿ ಇನ್ನೊಬ್ಬ ಮೇಷ್ಟ್ರಿಗೆ ಕಲಿಸುವ ಮನಸ್ಸಿತ್ತು. ಆದರೆ ಯಾರಿಗೂ ಹೇಳಿಕೊಡುವುದಿಲ್ಲ ಅಂತ ಅವರು ಮೊದಲೇ ಆ ಮನೆತನಕ್ಕೆ ಮಾತು ಕೊಟ್ಟಿದ್ದರು.

ನಮ್ಮಲ್ಲೂ ನಾಟಿ ಔಷಧಿ ಕೊಡುವ ಕೆಲವರು ಹೀಗೇ ಅಲ್ವಾ? ಬೇರಿನ ಹೆಸರು ಹೇಳುವುದಿಲ್ಲ. ಅವರ ಜೊತೆಗೇ ಅದು ಮಣ್ಣಾಗುತ್ತೆ.

ಥಾಮಸ್ ಕೈ ಚೆಲ್ಲಿ ಕೂತರು. ಅಷ್ಟರಲ್ಲಿ ಲಂಡನ್ನಿನಲ್ಲಿ ಒಂದು ಪ್ರದರ್ಶನ ನಡೆಯಿತು. ಪ್ಯಾರಿಸ್ ಊರಿನಿಂದ ಒಬ್ಬ ಗುರು ಬಂದಿದ್ದರು. ಜೊತೆಗೆ ಇಬ್ಬರು ಶಿಷ್ಯರು. ಇಬ್ಬರೂ ಕಿವುಡರು. ಇಬ್ಬರೂ ಮೇಷ್ಟ್ರುಗಳು! ಜನ ಕೇಳಿದ ಪ್ರಶ್ನೆಯನ್ನು ಗುರುಗಳು ಕೈಯಲ್ಲಿ ಹೇಳುತ್ತಿದ್ದರು. ಶಿಷ್ಯರು ಹಲಗೆ ಮೇಲೆ ಉತ್ತರ ಬರೆಯುತ್ತಿದ್ದರು. ಎಂಥ ಕಷ್ಟದ ಪ್ರಶ್ನೆಗೂ ಉತ್ತರ. ಥಾಮಸ್ ಬೆರಗಾದರು. ಆ ಇಬ್ಬರಲ್ಲಿ ಕಿರಿಯರ ಹೆಸರು ಲೊರಾಂ ಕ್ಲೇರ್. ಈ ಹೆಸರು ನೆನಪಿಡಿ.

ಹೊಲಿಗೆ ಹಾಕುತ್ತಿದ್ದ ಅಕ್ಕತಂಗಿ

ಪ್ಯಾರಿಸ್ ಶಾಲೆಗೂ ಒಂದು ಕಥೆ ಇದೆ. ಅದು ಇನ್ನೂ ಹಳೆಯದು. ಡೆಲೆಪೆ ಎಂಬ ಪಾದ್ರಿ ಒಂದು ದಿನ ಒಬ್ಬರ ಮನೆಗೆ ಹೋದರಂತೆ. ಒಳಗೆ ಇಬ್ಬರು ಹುಡುಗಿಯರು ಕೂತು ಹೊಲಿಗೆ ಹಾಕುತ್ತಿದ್ದರು. ಪಾದ್ರಿ ಮಾತಾಡಿಸಿದರು. ಉತ್ತರ ಇಲ್ಲ. ಮತ್ತೆ ಮಾತಾಡಿಸಿದರು. ತಲೆಯೇ ಎತ್ತಲಿಲ್ಲ. ಎಂಥ ಸೊಕ್ಕು ಅಂದುಕೊಂಡರೋ ಏನೋ. ಅಷ್ಟರಲ್ಲಿ ತಾಯಿ ಬಂದರು. ಅಳುತ್ತಾ ವಿಷಯ ಹೇಳಿದರು. ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಕಲಿಸುತ್ತಿದ್ದವರೊಬ್ಬರು ತೀರಿಕೊಂಡರು. ಇನ್ನು ಇವರಿಗೆ ಯಾರು ದಿಕ್ಕು?

ಪಾದ್ರಿ ಕಲಿಸಲು ಕೂತರು. ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಕಿವುಡರು ತಮ್ಮ ತಮ್ಮಲ್ಲೇ ಕೈಯಲ್ಲಿ ಹೇಗೆ ಮಾತಾಡ್ತಾರೆ ಅಂತ ನೋಡಿದರು. ಆ ಕೈಭಾಷೆಯನ್ನು ಮೊದಲು ತಾವು ಕಲಿತರು. ಆಮೇಲೆ ಅದರ ಮೂಲಕವೇ ಓದು ಬರಹ ಹೇಳಿಕೊಟ್ಟರು. 1760ರ ಸುಮಾರಿಗೆ ಶುರುವಾದ ಶಾಲೆ ಅದು. ಬಡ ಮಕ್ಕಳೂ ಬರಬಹುದಿತ್ತು. ಫೀಸು ಇಲ್ಲ. ಗುಟ್ಟೂ ಇಲ್ಲ. ಯಾರು ಬಂದು ಕೇಳಿದರೂ ಹೇಳಿಕೊಡುತ್ತಿದ್ದರು. ಅವರು 1789ರಲ್ಲಿ ತೀರಿಕೊಂಡರು. ಆಮೇಲೆ ಸರ್ಕಾರ ಶಾಲೆಯನ್ನು ವಹಿಸಿಕೊಂಡಿತು.

ಕ್ಲೇರ್ ಓದಿದ್ದು ಇದೇ ಶಾಲೆಯಲ್ಲಿ. ಅವರು ಹಳ್ಳಿಯವರು. ಒಂದು ವರ್ಷದ ಮಗುವಾಗಿದ್ದಾಗ ಬೆಂಕಿಗೆ ಬಿದ್ದಿದ್ದರು. ಕೆನ್ನೆ ಮೇಲೆ ಸುಟ್ಟ ಗಾಯದ ಕಲೆ ಉಳಿದಿತ್ತು. ಶಾಲೆ ಸೇರಿದಾಗ ಹನ್ನೆರಡು ವರ್ಷ. ಗೆಳೆಯರು ಅವರಿಗೆ ಕೈಭಾಷೆಯಲ್ಲಿ ಒಂದು ಹೆಸರಿಟ್ಟರು. ಎರಡು ಬೆರಳು ಜೋಡಿಸಿ ಕೆನ್ನೆ ಮೇಲೆ ಸವರುವುದು. ಇದೇ ಅವರ ಹೆಸರು. ಕೊನೆತನಕ ಅದೇ ಹೆಸರು ಉಳಿಯಿತು.

ಐವತ್ತೆರಡು ದಿನದ ಹಡಗು

1816ರಲ್ಲಿ ಥಾಮಸ್ ಪ್ಯಾರಿಸ್‌ಗೆ ಹೋಗಿ ಕಲಿಯತೊಡಗಿದರು. ಮೂರು ತಿಂಗಳಾಗುವ ಹೊತ್ತಿಗೆ ಕೈಯಲ್ಲಿ ಹಣ ಇಲ್ಲ. ಕಲಿಕೆಯೂ ಪೂರ್ತಿ ಆಗಿಲ್ಲ. ಏನು ಮಾಡುವುದು? ಕ್ಲೇರ್ ಅವರನ್ನೇ ಕೇಳಿದರು. "ನೀವು ನನ್ನ ಜೊತೆ ಬರುತ್ತೀರಾ?"

ಕ್ಲೇರ್ ಒಪ್ಪಿದರು. ಹೊರಡುವ ಮುಂಚೆ ತಾಯಿಯನ್ನು ನೋಡಲು ಊರಿಗೆ ಹೋದರು. ಹೋಗಬೇಡ ಅಂದರು ತಾಯಿ. ಅದು ಸಹಜ. ಸಮುದ್ರದ ಆಚೆ ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಜನ. ಮಗನಿಗೆ ಕಿವಿ ಬೇರೆ ಕೇಳಿಸುವುದಿಲ್ಲ. ಆದರೂ ಕ್ಲೇರ್ ಹೊರಟರು. ಮೂರು ವರ್ಷಕ್ಕೆ ಅಂತ ಕರಾರು ಆಗಿತ್ತು.

ಹಡಗು ಜೂನ್ 18ಕ್ಕೆ ಹೊರಟಿತು. ಆಗಸ್ಟ್ 9ಕ್ಕೆ ನ್ಯೂಯಾರ್ಕ್ ಮುಟ್ಟಿತು. 52 ದಿನ ನೀರಿನ ಮೇಲೆ. ಆ ದಿನಗಳಲ್ಲಿ ಇಬ್ಬರೂ ಸುಮ್ಮನೆ ಕೂರಲಿಲ್ಲ. ಕ್ಲೇರ್ ಥಾಮಸ್‌ಗೆ ಕೈಭಾಷೆ ಕಲಿಸಿದರು. ಥಾಮಸ್ ಕ್ಲೇರ್‌ಗೆ ಇಂಗ್ಲಿಷ್ ಕಲಿಸಿದರು. ಕ್ಲೇರ್ ದಿನಾ ಇಂಗ್ಲಿಷಿನಲ್ಲಿ ದಿನಚರಿ ಬರೆದು ತಿದ್ದಿಸಿಕೊಂಡರು. ಫ್ರೆಂಚ್ ಬಲ್ಲ ಮೂವತ್ತು ವರ್ಷದ ಮೇಷ್ಟ್ರು ಮತ್ತೆ ವಿದ್ಯಾರ್ಥಿ ಆದರು.

ಹಾರ್ಟ್‌ಫರ್ಡ್ ತಲುಪಿದ ದಿನ ಆಲಿಸ್ ಶಾಲೆಗೆ ಹೋಗಿದ್ದಳು. ಹೇಳಿ ಕಳಿಸಿದರು. ಹುಡುಗಿ ಬಂದಳು. ಕ್ಲೇರ್ ಮತ್ತು ಆಲಿಸ್ ಕೈಸನ್ನೆಯಲ್ಲಿ ಮಾತಾಡಿದರು. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು ಅಂತ ಕ್ಲೇರ್ ತಾವೇ ಬರೆದಿದ್ದಾರೆ. ಕಿವಿ ಕೇಳದೆಯೂ ಓದಿ, ಬರೆದು, ದೇಶ ಸುತ್ತಿ ಬಂದ ಒಬ್ಬ ದೊಡ್ಡ ಮನುಷ್ಯ ಆ ಹುಡುಗಿಯ ಎದುರು ನಿಂತಿದ್ದರು. ಅವರನ್ನು ನೋಡಿದಾಗ ಆಲಿಸ್‌ಗೆ ಏನನ್ನಿಸಿರಬೇಕು, ನೀವೇ ಯೋಚಿಸಿ.

ಏಳು ಜನರ ಶಾಲೆ

ಆಮೇಲೆ ಹಣ ಬೇಕಲ್ಲ. ಥಾಮಸ್ ಮತ್ತು ಕ್ಲೇರ್ ಊರೂರು ತಿರುಗಿದರು. ಸಭೆ ಮಾಡಿದರು. ಅನುಮಾನ ಇದ್ದವರು ಕ್ಲೇರ್ ಅವರನ್ನು ನೋಡಿ ನಂಬಿದರು. ರಾಜ್ಯ ಸರ್ಕಾರ 5,000 ಡಾಲರ್ ಕೊಟ್ಟಿತು.

1817ರ ಏಪ್ರಿಲ್ 15ರಂದು ಬಾಡಿಗೆ ಕೋಣೆಗಳಲ್ಲಿ ಶಾಲೆ ತೆರೆಯಿತು. ಶುರುವಿಗೆ ವಿದ್ಯಾರ್ಥಿಗಳು ಏಳು ಜನ. ಮೊದಲ ಹೆಸರು ಆಲಿಸ್‌ಳದು. ಆಗ ಅವಳಿಗೆ ಹನ್ನೊಂದು ವರ್ಷ.

ಆ ಏಳು ಜನರಲ್ಲಿ ಒಬ್ಬರ ವಯಸ್ಸು ಎಷ್ಟು ಗೊತ್ತಾ? 51! ಅವರು ಜಾನ್ ಬ್ರೂಸ್ಟರ್. ಚಿತ್ರ ಬರೆಯುವವರು. ಮನೆ ಮನೆಗೆ ಹೋಗಿ ಜನರ ಮುಖ ನೋಡಿ ಚಿತ್ರ ಬರೆದು ಸಂಪಾದನೆ ಮಾಡುತ್ತಿದ್ದರು. ಅವರು ಬರೆದ ಚಿತ್ರಗಳನ್ನು ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ. ಅಂಥವರು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಮೂರು ವರ್ಷ ಕಲಿತರು. "ಈ ವಯಸ್ಸಿನಲ್ಲಿ ಏನು ಓದು?" ಅಂತ ನಿಮ್ಮನ್ನು ಯಾರಾದರೂ ಹಂಗಿಸಿದ್ದರೆ ಬ್ರೂಸ್ಟರ್ ಹೆಸರು ಹೇಳಿ.

ವರ್ಷ ಕಳೆಯುವ ಹೊತ್ತಿಗೆ ಶಾಲೆಯಲ್ಲಿ ಮೂವತ್ತು ಜನ ದಾಟಿದರು. ಬೇರೆ ಬೇರೆ ಊರಿನಿಂದ ಬಂದರು. ಒಬ್ಬೊಬ್ಬರೂ ಮನೆಯಲ್ಲಿ ಬಳಸುತ್ತಿದ್ದ ಸನ್ನೆ ತಂದರು. ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಿಂದಲೂ ಮಕ್ಕಳು ಬಂದರು. ಆ ದ್ವೀಪದಲ್ಲಿ ಎಷ್ಟೋ ಮನೆಗಳಲ್ಲಿ ಹುಟ್ಟಾ ಕಿವುಡರಿದ್ದರು. ಆದ್ದರಿಂದ ಕಿವಿ ಕೇಳುವ ಜನರಿಗೂ ಅಲ್ಲಿ ಕೈಭಾಷೆ ಬರುತ್ತಿತ್ತು. ಮೀನು ಹಿಡಿಯುವವರು, ಅಂಗಡಿಯವರು, ಎಲ್ಲರಿಗೂ. ಅಲ್ಲಿ ಕಿವುಡರು ಒಂಟಿ ಅಲ್ಲ. ಈ ಎಲ್ಲ ಸನ್ನೆಗಳು, ಕ್ಲೇರ್ ತಂದ ಫ್ರಾನ್ಸಿನ ಸನ್ನೆಗಳು ಸೇರಿದವು. ಹೊಸ ಭಾಷೆ ಬೆಳೆಯಿತು. ಅದನ್ನು ಅಮೆರಿಕದ ಸಂಜ್ಞಾ ಭಾಷೆ ಅನ್ನುತ್ತಾರೆ. ಸಂಜ್ಞೆ ಎಂದರೆ ಸನ್ನೆ.

ಸನ್ನೆಯಲ್ಲಿ ಭಾಷೆಯಾ ಅಂತ ಕೇಳಬಹುದು. ಹೊಲದ ಆ ಬದುವಿನಲ್ಲಿ ಇರುವವರಿಗೆ ನೀವು ಕೈ ಎತ್ತಿ "ಊಟ ಆಯ್ತಾ?" ಅಂತ ಕೇಳೋದಿಲ್ಲವೇ? ಅದು ಬಿಡಿ ಸನ್ನೆ. ಸಂಜ್ಞಾ ಭಾಷೆ ಅದಕ್ಕಿಂತ ಬಹಳ ದೊಡ್ಡದು. ಅದರಲ್ಲಿ ನಿನ್ನೆ ಇದೆ, ನಾಳೆ ಇದೆ. ಜಗಳ ಇದೆ, ತಮಾಷೆ ಇದೆ. ಲೆಕ್ಕ ಹೇಳಬಹುದು, ಕಾನೂನು ಹೇಳಬಹುದು. ಹುಬ್ಬು ಏರಿಸಿದರೆ ಪ್ರಶ್ನೆ. ತಲೆ ಅಲ್ಲಾಡಿಸಿದರೆ ಇಲ್ಲ. ಮುಖವೂ ಅಲ್ಲಿ ವ್ಯಾಕರಣ.

ಮಕ್ಕಳಿಗೆ ಓದಿನ ಜೊತೆ ಕಸುಬೂ ಕಲಿಸಿದರು. ಬಡಗಿ ಕೆಲಸ, ಬೂಟು ಹೊಲಿಯುವುದು, ಬಟ್ಟೆ ಹೊಲಿಯುವುದು. ಹಾರ್ಟ್‌ಫರ್ಡಿನಲ್ಲಿ ಕಲಿತವರು ಬೇರೆ ರಾಜ್ಯಗಳಿಗೆ ಹೋಗಿ ಮೇಷ್ಟ್ರಾದರು. ಮೂರು ವರ್ಷಕ್ಕೆ ಅಂತ ಬಂದ ಕ್ಲೇರ್ 1858ರವರೆಗೆ ಅಲ್ಲೇ ಕಲಿಸಿದರು.

ಸೋಫಿಯಾ

ಮೊದಲ ವರ್ಷ ಸೇರಿದವರಲ್ಲಿ ಸೋಫಿಯಾ ಫೌಲರ್ ಎಂಬ ಹುಡುಗಿ ಇದ್ದಳು. ವಯಸ್ಸು 19. ಹುಟ್ಟಿನಿಂದಲೇ ಕಿವುಡಿ. ಅಕ್ಕನೂ ಕಿವುಡಿ. ಇಬ್ಬರೂ ಒಟ್ಟಿಗೆ ಶಾಲೆಗೆ ಬಂದರು. ಅಲ್ಲಿಯವರೆಗೆ ಸೋಫಿಯಾಗೆ ಮನೆಗೆಲಸ ಬರುತ್ತಿತ್ತು. ಹೊಲಿಗೆ ಬರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ. ಓದುವ ಆಸೆ ಮಾತ್ರ ಬಹಳ ಇತ್ತು.

ಸೋಫಿಯಾ ಓದು ಕಲಿತಳು. 1821ರಲ್ಲಿ ಥಾಮಸ್ ಅವಳನ್ನು ಮದುವೆಯಾದರು. ಎಂಟು ಮಕ್ಕಳಾದರು. ಕಿವಿ ಕೇಳದ ತಾಯಿ ಎಂಟು ಮಕ್ಕಳನ್ನು ಸಾಕಿದಳು. ಹೇಗೆ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಕ್ಕಳಿಗೆ ತಾಯಿಯ ಕೈಯೇ ತಾಯಿಭಾಷೆ ಆಯಿತು.

ಥಾಮಸ್ 1851ರಲ್ಲಿ ತೀರಿಕೊಂಡರು. ಸೋಫಿಯಾ ವಿಧವೆ ಆದರು. ಮೂಲೆಯಲ್ಲಿ ಕೂತರಾ? ಇಲ್ಲ. 1857ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹೊಸ ಶಾಲೆ ಶುರುವಾಯಿತು. ಅವರ ಕಿರಿ ಮಗ ಎಡ್ವರ್ಡ್ ಅದರ ಮುಖ್ಯಸ್ಥ. ಅವನಿಗಿನ್ನೂ ಇಪ್ಪತ್ತು ವರ್ಷ. ತಾಯಿ ಅದರ ಮೇಲ್ವಿಚಾರಕಿ. ಮಕ್ಕಳ ಊಟ, ಬಟ್ಟೆ, ಕಾಯಿಲೆ, ಕಣ್ಣೀರು ಎಲ್ಲ ನೋಡಿಕೊಂಡವರು ಸೋಫಿಯಾ. ದೇಶದ ಶಾಸನ ಮಾಡುವ ದೊಡ್ಡವರು ಶಾಲೆಗೆ ಬಂದರೆ ಸೋಫಿಯಾ ಅವರ ಎದುರು ಕೂತು ಶಾಲೆಯ ಪರವಾಗಿ ಕೈಯಲ್ಲಿ ಮಾತಾಡುತ್ತಿದ್ದರು. 1864ರಲ್ಲಿ ಅಧ್ಯಕ್ಷ ಲಿಂಕನ್ ಒಂದು ಕಾಗದಕ್ಕೆ ರುಜು ಹಾಕಿದರು. ಆ ಶಾಲೆಗೆ ಕಾಲೇಜಿನ ಪದವಿ ಕೊಡುವ ಹಕ್ಕು ಸಿಕ್ಕಿತು. ಕಿವುಡರಿಗಾಗಿಯೇ ಒಂದು ಕಾಲೇಜು! ಅದು ಮುಂದೆ ಗ್ಯಾಲಡೆಟ್ ವಿಶ್ವವಿದ್ಯಾಲಯ ಆಯಿತು.

ಆದರೆ ಅಲ್ಲೂ ಹೆಣ್ಣುಮಕ್ಕಳ ಪಾಲಿಗೆ ತಡ. ಕಾಲೇಜಿನ ಬಾಗಿಲು ಹುಡುಗಿಯರಿಗೆ ಸರಿಯಾಗಿ ತೆರೆದದ್ದು 1887ರಲ್ಲಿ. ಅಷ್ಟು ಹೊತ್ತಿಗೆ ಸೋಫಿಯಾ ತೀರಿಕೊಂಡು ಹತ್ತು ವರ್ಷ ಆಗಿತ್ತು.

ಕೈ ಕಟ್ಟಿದ ಕಾಲ

ಇಲ್ಲಿಗೆ ಕಥೆ ಸುಖವಾಗಿ ಮುಗಿಯಲಿಲ್ಲ.

1880ರಲ್ಲಿ ಇಟಲಿ ದೇಶದ ಮಿಲಾನ್ ನಗರದಲ್ಲಿ ಒಂದು ದೊಡ್ಡ ಸಭೆ ನಡೆಯಿತು. ಕಿವುಡ ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಚರ್ಚೆ. 164 ಜನ ಸೇರಿದ್ದರು. ಅವರಲ್ಲಿ ಕಿವುಡರು ಒಬ್ಬರೇ! ಮಿಕ್ಕವರೆಲ್ಲ ಕಿವಿ ಕೇಳುವವರು. ನಮ್ಮ ಬಗ್ಗೆ ನಮ್ಮನ್ನು ಕೇಳದೆ ತೀರ್ಮಾನ ಮಾಡುವುದು ಹೆಣ್ಣುಮಕ್ಕಳಿಗೆ ಹೊಸದಲ್ಲ. ಅಲ್ಲೂ ಹಾಗೇ ಆಯಿತು. ಕೈಭಾಷೆ ಬೇಡ, ಬಾಯಿಮಾತೇ ಕಲಿಸಬೇಕು ಅಂತ ತೀರ್ಮಾನ ಮಾಡಿದರು. ಅಮೆರಿಕದಿಂದ ಹೋಗಿದ್ದವರು ಬೇಡ ಅಂದರು. ಸೋಫಿಯಾಳ ಮಗ ಎಡ್ವರ್ಡ್ ಕೂಡ ಬೇಡ ಅಂದರು. ಯಾರೂ ಕೇಳಲಿಲ್ಲ.

ದೇಶ ದೇಶಗಳ ಶಾಲೆಗಳಲ್ಲಿ ಕೈಭಾಷೆ ನಿಂತುಹೋಯಿತು. ಕೈ ಎತ್ತಿದ ಮಕ್ಕಳಿಗೆ ಏಟು ಬಿತ್ತು. ಕೈ ಮೇಲೆ ಕೂರುವಂತೆ ಮಾಡಿದರು. ಕೆಲವು ಕಡೆ ಕೈ ಕಟ್ಟಿದರು. ಕಿವುಡ ಮೇಷ್ಟ್ರುಗಳ ಕೆಲಸ ಹೋಯಿತು. ಅಮೆರಿಕದ ಇಂಥ ಶಾಲೆಗಳಲ್ಲಿ ಮೊದಲು 100 ಮೇಷ್ಟ್ರುಗಳಲ್ಲಿ ಸುಮಾರು 40 ಜನ ಕಿವುಡರೇ ಇದ್ದರು. 1917ರ ಹೊತ್ತಿಗೆ ಅದು 15ಕ್ಕೆ ಇಳಿಯಿತು. ಮಕ್ಕಳು ಏನು ಮಾಡಿದರು? ರಾತ್ರಿ ಹಾಸ್ಟೆಲಿನಲ್ಲಿ ಕದ್ದುಮುಚ್ಚಿ ಕೈಯಲ್ಲಿ ಮಾತಾಡಿದರು. ಭಾಷೆ ಸಾಯಲಿಲ್ಲ.

ಬಾಯಿಮಾತು ಕಲಿಸುವುದು ತಪ್ಪಾ? ತಪ್ಪಲ್ಲ. ಸ್ವಲ್ಪ ಕಿವಿ ಇರುವ ಮಗುವಿಗೆ, ಬೇಗ ಯಂತ್ರ ಹಾಕಿಸಿದ ಮಗುವಿಗೆ ಮಾತು ಚೆನ್ನಾಗಿ ಬರಬಹುದು. ಈಗ ಕಿವಿಯೊಳಗೆ ಆಪರೇಷನ್ ಮಾಡಿ ಇಡುವ ಯಂತ್ರವೂ ಇದೆ. ಅದರಿಂದ ಎಷ್ಟೋ ಮಕ್ಕಳು ಮಾತಾಡುತ್ತಿದ್ದಾರೆ. ಆದರೆ ಎಲ್ಲ ಮಕ್ಕಳಿಗೂ ಅದು ಆಗುವುದಿಲ್ಲ. ಮಾತು ಬರಲಿ ಅಂತ ಕಾಯುತ್ತಾ ಕೈಯನ್ನೂ ಕಟ್ಟಿದರೆ ಮಗುವಿಗೆ ಯಾವ ಭಾಷೆಯೂ ಇರುವುದಿಲ್ಲ. ಹಸಿವಾಯಿತು ಅನ್ನಲು ಆಗದು. ಹೊಟ್ಟೆ ನೋವು ಅನ್ನಲು ಆಗದು. ಯಾರೋ ಕೆಟ್ಟದಾಗಿ ಮುಟ್ಟಿದರು ಅಂತ ತಾಯಿಗೆ ಹೇಳಲೂ ಆಗದು. ತಪ್ಪು ಇದ್ದದ್ದು ಅಲ್ಲಿ.

1960ರಲ್ಲಿ ಗ್ಯಾಲಡೆಟ್ ಕಾಲೇಜಿನ ವಿಲಿಯಂ ಸ್ಟೋಕಿ ಎಂಬ ಮೇಷ್ಟ್ರು ಸಂಜ್ಞಾ ಭಾಷೆಯೂ ಪೂರ್ತಿ ಭಾಷೆಯೇ ಎಂದು ಅಧ್ಯಯನ ಮಾಡಿ ತೋರಿಸಿದರು. 1988ರಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿಗಳು ಹೋರಾಟಕ್ಕೆ ಇಳಿದರು. ನಮ್ಮ ಸಂಸ್ಥೆಯ ಮುಖ್ಯಸ್ಥರು ಕಿವುಡರೇ ಆಗಬೇಕು ಅಂತ ಹಟ ಹಿಡಿದರು. ಒಂದೇ ವಾರದಲ್ಲಿ ಗೆದ್ದರು. ಮಿಲಾನ್ ತೀರ್ಮಾನ ತಪ್ಪಾಗಿತ್ತು ಅಂತ ಅದೇ ಸಭೆಯ ಮುಂದಿನವರು 2010ರಲ್ಲಿ ವಿಷಾದ ಹೇಳಿದರು. ನೂರ ಮೂವತ್ತು ವರ್ಷ ಬೇಕಾಯಿತು!

ನಮ್ಮ ಕಡೆ

ನಮ್ಮ ದೇಶದಲ್ಲಿ ಕಿವುಡ ಮಕ್ಕಳ ಶಾಲೆ ಮೊದಲು ಶುರುವಾದದ್ದು ಮುಂಬಯಿಯಲ್ಲಿ, 1885ರಲ್ಲಿ. ಆಮೇಲೆ 1893ರಲ್ಲಿ ಕಲ್ಕತ್ತೆಯಲ್ಲಿ. ಕಲ್ಕತ್ತೆಯ ಶಾಲೆಯ ಜಾಮಿನಿನಾಥ ಬ್ಯಾನರ್ಜಿ ಹಡಗು ಹತ್ತಿ ವಾಷಿಂಗ್ಟನ್‌ಗೆ ಹೋದರು. ಎಡ್ವರ್ಡ್ ಅವರ ಕಾಲೇಜಿನಲ್ಲೇ ತರಬೇತಿ ಪಡೆದು ಬಂದರು. ಹಾರ್ಟ್‌ಫರ್ಡಿನ ಬೇರು ಹೀಗೆ ನಮ್ಮಲ್ಲಿಗೂ ಬಂತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವಾಕ್ ಅಂದರೆ ಮಾತು. ಶ್ರವಣ ಅಂದರೆ ಕೇಳುವುದು. 1960ರ ದಶಕದಿಂದ ಅಲ್ಲಿ ಕಿವಿ ಪರೀಕ್ಷೆ, ಮಾತಿನ ತರಬೇತಿ ನಡೆಯುತ್ತಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರನ್ನು ಮೊದಲು ಕೇಳಿ. ಅವರು ದಾರಿ ಹೇಳ್ತಾರೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಗೆ ಒಂದು ಕೇಂದ್ರ ಆಯಿತು. ಅದು ಸನ್ನೆಗಳ ನಿಘಂಟು ಮಾಡಿದೆ. 2021ರ ಹೊತ್ತಿಗೆ ಅದರಲ್ಲಿ 10,000 ಪದ ಸೇರಿತ್ತು. 2016ರ ಕಾನೂನಿನ ಪ್ರಕಾರ ಹೆಚ್ಚಿನ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಹತ್ತಿರದ ಶಾಲೆಗೆ ಸೇರಿಸಬಹುದು. ಬೇಕಾದರೆ ವಿಶೇಷ ಶಾಲೆಗೂ ಸೇರಿಸಬಹುದು. ಹೆಣ್ಣುಮಗು ಅಂತ ಮನೆಯಲ್ಲಿ ಇಟ್ಟುಕೊಳ್ಳುವವರು ಹೆಚ್ಚು. ಅವಳ ಹೆಸರಲ್ಲೂ ಈ ಹಕ್ಕು ಇದೆ.

ಆಲಿಸ್ ಏನಾದಳು?

ಆಲಿಸ್ ಏಳು ವರ್ಷ ಆ ಶಾಲೆಯಲ್ಲಿ ಓದಿದಳು. ಪತ್ರ ಬರೆಯುವುದು ಅವಳಿಗೆ ಇಷ್ಟ. ಅವಳು ಬರೆದ ಪತ್ರಗಳು ಇವತ್ತಿಗೂ ಇವೆ. ತಂದೆ ಎಂದರೆ ಅವಳಿಗೆ ಪ್ರಾಣ. 1830ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಅದೇ ತಿಂಗಳು ಆಲಿಸ್ ಕೂಡ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತೈದು ವರ್ಷ.

ವಾಷಿಂಗ್ಟನ್ನಿನ ಆ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಂದು ಪ್ರತಿಮೆ ಇದೆ. ದೇಶದ ಕಿವುಡರು ಹಣ ಕೂಡಿಸಿ 1889ರಲ್ಲಿ ನಿಲ್ಲಿಸಿದರು. ಥಾಮಸ್ ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಪುಟ್ಟ ಆಲಿಸ್ ನಿಂತಿದ್ದಾಳೆ. ಅವರ ಮುಖವನ್ನೇ ನೋಡುತ್ತಿದ್ದಾಳೆ. ಥಾಮಸ್ ಕೈಯಲ್ಲಿ ಒಂದು ಅಕ್ಷರ ಮಾಡಿದ್ದಾರೆ. ಆಲಿಸ್ ಅದನ್ನೇ ತನ್ನ ಪುಟ್ಟ ಕೈಯಲ್ಲಿ ಮಾಡುತ್ತಿದ್ದಾಳೆ.

ಅದು ಅಮೆರಿಕದ ಬೆರಳಕ್ಷರದ ಮೊದಲ ಅಕ್ಷರ, ಎ. ನೀವೂ ಮಾಡಿ ನೋಡಿ. ಬಲಗೈ ಎತ್ತಿ. ನಾಲ್ಕು ಬೆರಳು ಮಡಚಿ ಮುಷ್ಟಿ ಮಾಡಿ. ಹೆಬ್ಬೆರಳನ್ನು ಒಳಗೆ ಸೇರಿಸಬೇಡಿ. ಅದು ಪಕ್ಕದಲ್ಲಿ ನೆಟ್ಟಗೆ ನಿಲ್ಲಲಿ.